ಕರಾಚಿಯಿಂದ ಮುಂಬಯಿಗೆ ಅರ್ಧ ದಿನ

ಬ್ಯಾಡಗಿ
ತಾ. ೩-೨-೧೯೩೭

ಕರಾಚಿಯಲ್ಲಿರುವ ನಮ್ಮ ಯಜಮಾನರಿಗೆ ಪ್ರೇಮವ್ವ ಮಾಡುವ ನಮಸ್ಕಾರಗಳು.

ಎರಡು ವರ್ಷದ ಮೇಲೆ ನಿಮ್ಮ ಕಾಗದ ಬಂತು. ಕ್ಷೇಮ ಕೇಳಿಲ್ಲ, ಸಿಟ್ಟು ತೋರಿಸಿಲ್ಲ. ಕರಾಚಿಯಿಂದ ಮುಂಬಯಿ ಸುಮಾರು ಆರುನೂರು ಮೈಲು, ಬೆಳಿಗ್ಗೆ ಹೊರಟ ವಿಮಾನ ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿ ಇಳಿಯುತ್ತದೆ ಎಂದಷ್ಟೇ ಬರೆದು ಸಹಿ ಹಾಕಿದ್ದೀರಿ. ಹತ್ತಿ ಅಂಗಡಿಯ ಗುಮಾಸ್ತರಿಗೆ ವಿಮಾನದ ಉಸಾಬರಿ ಯಾಕೆ ಎಂದು ಅವ್ವ ಕೇಳಿದಳು. ನಾನು ಮಾಳಿಗೆ ಹತ್ತಿದೆ.

ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿದ್ದೇವೆ. ಆ ಘಾಟಿನಲ್ಲಿ ಕಣ್ಣೀರು ಬಂದರೆ ಯಾರೂ ಕಾರಣ ಕೇಳುವುದಿಲ್ಲ. ಎಳೆಬಿಸಿಲಿಗೆ ಗೋಡೆಗೆ ಒರಗಿದವಳಿಗೆ ಜೊಂಪು ಹತ್ತಿತು. ಕನಸಿನಲ್ಲಿ ನಾನು ವಿಮಾನದಲ್ಲಿದ್ದೆ, ಮಡಿಲಲ್ಲಿ ನಮ್ಮ ಹೊನ್ನವ್ವ. ಕೆಳಗೆ ಬ್ಯಾಡಗಿಯ ಮಾಳಿಗೆಗಳೆಲ್ಲ ಕೆಂಪು ಸೀರೆ ಒಣಹಾಕಿದ ಹಾಗೆ. ಮೋಟೆಬೆನ್ನೂರಿನ ದಾರಿಯ ಚಕ್ಕಡಿಗಳು ಇರುವೆ ಸಾಲು. ಕದರಮಂಡಲಗಿ ಹಣಮಪ್ಪನ ಗುಡಿ ಅಂಗೈಯಷ್ಟು. ಆಮೇಲೆ ಬರೀ ನೀರು, ನಾನಾಗಲಿ ಕೂಸಾಗಲಿ ಎಂದೂ ಕಾಣದ ಸಮುದ್ರ. ಆ ನೀಲಿ ಮುಗಿಯುವಲ್ಲಿ ನೀವು ಬರಿದಲೆಯಲ್ಲಿ ನಿಂತಿದ್ದಿರಿ. ಕೂಸು ನನ್ನ ಗದ್ದ ಹಿಡಿದು ಕೇಳಿತು: "ಯವ್ವಾ, ಅಪ್ಪ ಇಷ್ಟ ಸನೇಕ ಇದ್ನೇನು?"

ಎಚ್ಚರಾದಾಗ ಉತ್ತರ ನನ್ನ ಬಾಯಲ್ಲೇ ಉಳಿದಿತ್ತು.

ಎರಡು ವರ್ಷದ ಹಿಂದೆ ಜ್ವರದಲ್ಲಿಯೂ ಕೂಸು ನಿಮ್ಮನ್ನೇ ಕೇಳುತ್ತಿತ್ತು. ಕರಾಚಿಗೆ ತಾರು ಕೊಟ್ಟೆವು. ರೈಲು ಬದಲಿಸುತ್ತ ನೀವು ರಾಣೆಬೆನ್ನೂರಿನ ನಮ್ಮ ಮನೆ ಮುಟ್ಟುವಷ್ಟರಲ್ಲಿ ಕೂಸನ್ನು ಹೊಲದಲ್ಲಿ ಮಣ್ಣು ಮಾಡಿ ಬಂದಿದ್ದೆವು. ನಾನು ಕಾಲಿಗೆ ನೀರೂ ಕೊಡದೆ, "ಈಗ ಯಾರ ಸಲುವಾಗಿ ಬಂದ್ರಿ?" ಎಂದೆ. ನೀವು ಗಂಟು ಕೆಳಗಿಡದೆ ಹೊಸ್ತಿಲಲ್ಲೇ ನಿಂತಿರಿ. ಮರುದಿನ ನೀವು ತಿರುಗಿ ಹೋದಿರಿ, ನಾನು ತವರಿಗೆ ಬಂದೆ.

ಈಗ ಕರಾಚಿಗೆ ಬರುತ್ತಿದ್ದೇನೆ. ಅಣ್ಣ ಅಜ್ಜಪ್ಪ ವ್ಯಾಪಾರಕ್ಕೆಂದು ಮುಂಬಯಿಗೆ ಹೊರಟಿದ್ದಾನೆ, ಅಲ್ಲಿಂದ ಹಡಗಿನಲ್ಲಿ ನಿಮ್ಮ ತನಕ ಬಿಟ್ಟು ಬರುತ್ತಾನಂತೆ. ಜೊತೆ ಸಿಕ್ಕಿತು, ಹೊರಟೆ. ಬೇರೇನಿಲ್ಲ. ಈ ಕಾಗದ ವಿಮಾನದ ಟಪಾಲಿನಲ್ಲಿ ನನಗಿಂತ ಮೊದಲು ಬಂದು ಮುಟ್ಟುತ್ತದೆ. ಬಂದರಿಗೆ ಬನ್ನಿ. ಅವ್ವ ಕಟಕರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತಿದ್ದಾಳೆ.

ನಿಮ್ಮ
ಪ್ರೇಮವ್ವ

ತಾ.ಕ.: ಜೊತೆ ಸಿಕ್ಕಿತೆಂದು ಹೊರಟೆ ಅಂದದ್ದು ಪೂರ್ತಿ ಖರೇ ಅಲ್ಲ. ನಿಮ್ಮ ಅಂಗಡಿಯ ಶಾಬುದ್ದೀನ ಊರಿಗೆ ಬಂದವನು ನಿನ್ನೆ ನಮ್ಮನೆಗೂ ಬಂದಿದ್ದ. ತಾರು ಮುಟ್ಟಿದ ದಿನ ನೀವು ಸ್ಟೇಷನ್ನಿಗೆ ಹೋಗುವ ಮೊದಲು ವಿಮಾನ ಇಳಿಯುವ ಬಯಲಿಗೆ ಓಡಿದ್ದಿರಂತೆ. ಟಪಾಲು ಚೀಲಗಳ ಮೇಲೆ ಕೂತಾದರೂ ಬರುತ್ತೇನೆಂದು ಅಂಗಲಾಚಿದಿರಂತೆ. ಚೀಲಗಳಿಗೇ ಜಾಗ ಸಾಲದು ಎಂದ ಮೇಲೂ, ವಿಮಾನ ಹಾರಿ ಕಣ್ಮರೆಯಾಗುವ ತನಕ ಅಲ್ಲೇ ನಿಂತಿದ್ದಿರಂತೆ. ಇದನ್ನು ಅವರು ನನಗೇಕೆ ಹೇಳಲಿಲ್ಲ ಎಂದು ಅವನನ್ನು ಕೇಳಿದೆ. "ಅವರು ತಾವಾಗಿ ಹೇಳಾಂಗಿಲ್ಲ ಅಕ್ಕಾರ, ನೀವ ಕೇಳ್ರಿ" ಎಂದ. ಕೇಳಲು ಬರುತ್ತಿದ್ದೇನೆ.