ತಣ್ಣನೆಯ ಬಾಟಲಿ

ಅಕ್ಕ,

ಇದನ್ನು ಅಂಚೆಗೆ ಹಾಕುವ ಎದೆಗಾರಿಕೆ ನನಗಿಲ್ಲ. ಆದರೂ ಇವತ್ತಿನ ವರದಿಯನ್ನು ಲ್ಯಾಬಿನ ಕೆಲಸ ಕಲಿಸಿದ ನಿಮಗೇ ಒಪ್ಪಿಸಬೇಕು ಅನ್ನಿಸಿತು.

ಕೂದಲೆಳೆಯಂಥ ಕಾಲುವೆಗಳಿರುವ ನಮ್ಮ ಆ ಗಾಜಿನ ಚಿಪ್‌ನಲ್ಲಿ ಇವತ್ತು ರೋಗಿಯೊಬ್ಬರ ರಕ್ತದ ಕೋಶಗಳು ಗುಳಿಗೊಂದರಂತೆ ಬಂದು ಕೂತವು. ಒಂದೂ ಕದಲಲಿಲ್ಲ. ಮೇಷ್ಟ್ರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ, "ಕೈ ಅಂದ್ರೆ ಇದು! ನೀನು ಅಕ್ಕ ಅಕ್ಕ ಅಂತಿದ್ಯಲ್ಲ, ಅವರ ಕೈ ಹೀಗಿದ್ದಿದ್ರೆ ಆ ಮಗುವಿನ ಸ್ಯಾಂಪಲ್ ಉಳೀತಿತ್ತು" ಅಂದರು. ನಾನು ತುಟಿಪಿಟಿಕ್ಕೆನ್ನದೆ ನಿಂತೆ, ಅವತ್ತಿನ ಹಾಗೇ.

ಅವತ್ತು ನೀವು ಊಟಕ್ಕೆ ಹೋಗಿದ್ದಾಗ ದ್ರಾವಣದ ಬಾಟಲಿಯನ್ನು ಫ್ರಿಜ್‌ನಿಂದ ತೆಗೆದು ನೇರ ಪಂಪಿಗೆ ಜೋಡಿಸಿದವಳು ನಾನು. ಒಂದು ಗಂಟೆ ಹೊರಗಿಟ್ಟು ತಣುಪು ಬಿಡಿಸು ಎಂದು ನೀವು ಸಾವಿರ ಸಲ ಹೇಳಿದ್ದಿರಿ. ನನಗೋ ಬೇಗ ಮನೆ ಸೇರುವ ಆತುರ. ನೀವು ಊಟ ಮುಗಿಸಿ ಬಂದು, ಅದು ತಿಳಿಯದೆ, ಆ ಮಗುವಿನ ರಕ್ತವನ್ನು ಚಿಪ್‌ಗೆ ಹರಿಸಿದಿರಿ. ತಣುಪು ಇಳಿಯುತ್ತಾ ದ್ರಾವಣ ತನ್ನೊಳಗೆ ಕರಗಿದ್ದ ಗಾಳಿಯನ್ನು ಹೊರಬಿಟ್ಟಿತು. ಒಂದೇ ಒಂದು ಗುಳ್ಳೆ ಕಾಲುವೆಯುದ್ದಕ್ಕೂ ಸಾಗಿ ಕೋಶಗಳನ್ನೆಲ್ಲ ಗುಡಿಸಿಕೊಂಡು ಹೋಯಿತು. ಆ ಮಗುವಿನಿಂದ ಮತ್ತೆ ರಕ್ತ ತೆಗೆಯುವ ಹಾಗಿರಲಿಲ್ಲ. ನೀವು ನಿಮ್ಮ ಬೆರಳುಗಳನ್ನೇ ನೋಡುತ್ತಾ, "ವಯಸ್ಸಾಯ್ತು ಕಣೇ, ಕೈ ನಡುಗಿರ್ಬೇಕು" ಅಂದಿರಿ. ತಿಂಗಳೊಳಗೆ ಕೆಲಸ ಬಿಟ್ಟಿರಿ.

ಇವತ್ತು ನಾನು ಬಾಟಲಿಯನ್ನು ಒಂದು ಗಂಟೆ ಮೊದಲೇ ಹೊರಗಿಟ್ಟಿದ್ದೆ, ಅಕ್ಕ. ನನ್ನ ಕೈಚಳಕ ಅಷ್ಟೇ.

ಮೊನ್ನೆ ಬಸ್ ನಿಲ್ದಾಣದಲ್ಲಿ ನಿಮ್ಮ ಮಗಳು ಸಿಕ್ಕಿದ್ದಳು. ನೀವೀಗ ಟೀ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತೀರಂತೆ. "ನಡುಗೋದೇನೂ ನಮಗೆ ಕಾಣಲ್ಲ. ಹೇಳಿದ್ರೆ ಅಮ್ಮ ನಂಬಲ್ಲ" ಅಂದಳು.