ನಕಾಶೆಯಲ್ಲಿಲ್ಲದ ಬಾವಿ

ಸವದತ್ತಿ,
೧೪ ಜುಲೈ ೨೦೨೪, ರವಿವಾರ

ಪ್ರೀತಿಯ ಮಗಳು ಉಮಾಶ್ರೀಗೆ,

ಹೇಗಿದ್ದೀಯವ್ವಾ? ಕಲಬುರಗಿಯ ಬಿಸಿಲಿಗೆ ನಿನ್ನ ತಲೆನೋವು ಹೆಚ್ಚಾಗಿಲ್ಲ ತಾನೆ? ಹೊತ್ತಿಗೆ ಸರಿಯಾಗಿ ಉಣ್ಣು. ಕೋರ್ಟಿನ ಚಹಾದ ಮೇಲೇ ದಿನ ದೂಡಬೇಡ. ಮೂವತ್ತೊಂದು ವರ್ಷ ಹಾಗೆ ದೂಡಿದ ನನ್ನ ಹೊಟ್ಟೆ ಈಗ ಖಾರ ಕಂಡರೆ ಹೆದರುತ್ತದೆ. ಉಳಿದಂತೆ ಆರಾಮ ಇದ್ದೇನೆ. ಫೋನು ಮಾಡಿದರೆ ನೀನು ‘ಹೂಂ ಅಪ್ಪಾ, ಹೂಂ’ ಎಂದು ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ.

ನೀನು ವಕೀಲಿ ಪರೀಕ್ಷೆ ಪಾಸಾದ ವರ್ಷ ನನ್ನ ಆಫೀಸಿನ ಫಲಕದಲ್ಲಿ ನಿನ್ನ ಹೆಸರು ಬರೆಸಬೇಕೆಂದಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ: ‘ನೀವು ಹೊಲಾ ನುಂಗಿ ಪ್ಲಾಟ ಉಗಳೋರು ಅಪ್ಪಾ. ನಾ ನಿಮ್ಮ ಕೈಯಾಗ ಕೆಲಸಾ ಮಾಡೂದಿಲ್ಲ.’ ನನಗೆ ಸಿಟ್ಟು ಬಂತು. ಬೈಲಹೊಂಗಲದಲ್ಲಿ ಜೂನಿಯರ್ ಆಗಿ ಸೇರಿದ ದಿನದಿಂದ ನಾನು ಕಲಿತದ್ದು ಇದೊಂದೇ ವಿದ್ಯೆ, ಜೋಳದ ಹೊಲವನ್ನು ಸಾಗುವಳಿ ಲೆಕ್ಕದಿಂದ ತೆಗೆಸಿ ಬಿನ್‌ಶೇತ್ಕಿ ಮಾಡಿಸಿ ಮನೆ ಕಟ್ಟಲು ಪರವಾನಗಿ ತರುವುದು. ನಿನ್ನನ್ನು ಓದಿಸಿದ್ದೂ ಅದೇ ಎಂದುಬಿಟ್ಟೆ. ಮರುದಿನ ನೀನು ಬ್ಯಾಗು ಕಟ್ಟಿದೆ. ಎರಡು ವರ್ಷವಾಯಿತು.

ರವಿವಾರದ ನನ್ನ ಹುಚ್ಚು ಮಾತ್ರ ಹೋಗಿಲ್ಲ. ಹಳೆಯ ಬಾವಿಗಳನ್ನು ಹುಡುಕಿಕೊಂಡು ಹೋಗಿ, ಅಳೆದು, ಪುಸ್ತಕದಲ್ಲಿ ಚಿತ್ರ ಬರೆಯುವುದು. ನಿನ್ನ ಅವ್ವ ಇದ್ದಾಗ ಬುತ್ತಿ ಕಟ್ಟಿಕೊಡುತ್ತಿದ್ದಳು, ಟೇಪಿನ ಇನ್ನೊಂದು ತುದಿಯನ್ನು ನೀನು ಹಿಡಿಯುತ್ತಿದ್ದೆ. ಈಗ ಆ ತುದಿಯ ಮೇಲೆ ಕಲ್ಲು ಇಡುತ್ತೇನೆ. ಕಲ್ಲು ಜಾರಿದರೆ ಮತ್ತೆ ಮೊದಲಿನಿಂದ ಅಳೆಯಬೇಕು. ಎಂಬತ್ತಮೂರು ಬಾವಿಗಳಾದವು. ಬರೆದದ್ದನ್ನು ತೋರಿಸೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ.

ಹೋದ ತಿಂಗಳು ನಿಜಗುಣಪ್ಪ, ಹೂಲಿಯ ಆಚೆ ತಾನು ಕೊಂಡ ನಾಲ್ಕು ಎಕರೆಯನ್ನು ಪ್ಲಾಟು ಮಾಡಿಸಲು ಕಾಗದ ತಂದ. ನಿನಗೆ ಗೊತ್ತಲ್ಲ, ಇಪ್ಪತ್ತು ವರ್ಷ ದಿನಾ ಸಂಜೆ ಜೊತೆಗೆ ಚಹಾ ಕುಡಿದ ಗೆಳೆಯ. ನಿನ್ನ ಅವ್ವ ತೀರಿಕೊಂಡಾಗ ಹನ್ನೊಂದು ದಿನ ನಮ್ಮ ಮನೆಯಲ್ಲೇ ಮಲಗಿದವನು. ವಕಾಲತ್ತಿಗೆ ಸಹಿ ಹಾಕಿ, ನಕಾಶೆ ಹಿಡಿದು ಹೊಲ ನೋಡಲು ಹೋದೆ. ಅಲ್ಲಿ ಶೆಟ್ಟೆವ್ವ ಎಂಬ ಮುದುಕಿ ಕೊಡ ಇಳಿಸಿ ಕೇಳಿದಳು: ‘ವಕೀಲ್ರ, ನಿಮ್ಮ ನಕಾಶೇದಾಗ ನಮ್ಮ ಬಾವಿ ಎಲ್ಲೈತ್ರಿ?’ ಬಾವಿ ಇರಲಿಲ್ಲ. ಅದರ ಜಾಗದಲ್ಲಿ ಒಂಬತ್ತು, ಹತ್ತನೆಯ ಪ್ಲಾಟುಗಳಿದ್ದವು. ಉಮಾ, ಆ ಬಾವಿಯನ್ನು ನಾನೇ ಅಳೆದಿದ್ದೆ. ಇಪ್ಪತ್ತೆರಡು ಮೆಟ್ಟಿಲು, ಪೂರ್ವಕ್ಕೆ ಒಂದು ಗೂಡು. ಬೇಸಿಗೆಯಲ್ಲಿ ನಳ ನಿಂತರೆ ನಲವತ್ತು ಮನೆಯವರು ಅದೇ ನೀರು ಕುಡಿಯುತ್ತಾರೆ.

ನಕಾಶೆ ತಿದ್ದಿಸು ಎಂದು ನಿಜಗುಣಪ್ಪನಿಗೆ ಮೂರು ಸಲ ಹೇಳಿದೆ. ‘ಬಾವಿ ತೋರಿಸಿದ್ರ ಅದಕ್ಕ ದಾರೀನೂ ಬಿಡಬೇಕಾಕ್ಕೈತಿ. ನೀ ವಕೀಲಕಿ ಮಾಡು, ಬಾವಿ ಚಿಂತಿ ನನಗ ಬಿಡು’ ಎಂದ. ನನ್ನಿಂದ ಆಗಲಿಲ್ಲ. ವಕಾಲತ್ತು ಬಿಟ್ಟು ಕಾಗದಗಳನ್ನು ಅವನ ಕೈಗೇ ಕೊಟ್ಟೆ. ಅವನು ಮೆಟ್ಟಿಲಿಳಿದು ಹೋದ. ಈಗ ಪೇಟೆಯಲ್ಲಿ ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ. ಚಹಾದಂಗಡಿಯ ಶಂಕ್ರೆಪ್ಪ ಮೊದಲ ವಾರವೆಲ್ಲ ಎರಡು ಕಪ್ಪು ತಂದಿಡುತ್ತಿದ್ದ. ಈಗ ಕೇಳದೆಯೇ ಒಂದು ತರುತ್ತಾನೆ. ಮಾಡಿದ್ದು ತಪ್ಪೆನಿಸುವುದಿಲ್ಲ. ಆದರೂ ಸಂಜೆ ಐದೂವರೆಗೆ ಕಣ್ಣು ಬಾಗಿಲ ಕಡೆ ಹೋಗುತ್ತದೆ.

ಮೈ ಕಡೆ ಲಕ್ಷ್ಯವಿರಲಿ. ಪೂಜೆಗೆ ಕೂತಾಗ ದಿನಾ ನಿನ್ನನ್ನು ನೆನೆಯುತ್ತೇನೆ. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ ಅಪ್ಪ,
ವಿರೂಪಾಕ್ಷ

ತಾ.ಕ.: ನಿಜಗುಣಪ್ಪ ಬೇರೆ ವಕೀಲರನ್ನು ಹಿಡಿದಿದ್ದಾನೆ. ಬಾವಿಗಾಗಿ ಊರಿನವರು ಹಾಕಿದ ತಕರಾರಿಗೆ ಆಗಸ್ಟ್ ಎರಡಕ್ಕೆ ಬೆಳಗಾವಿಯಲ್ಲಿ ವಿಚಾರಣೆ. ಅವನ ವಕೀಲನಾಗಿದ್ದ ನಾನು ಊರಿನವರ ಪರ ನಿಲ್ಲುವಂತಿಲ್ಲ, ನಿಯಮ ನಿನಗೂ ಗೊತ್ತು. ಶೆಟ್ಟೆವ್ವ ಬಂದು ‘ಒಬ್ರು ಛಲೋ ವಕೀಲರ ಹೆಸರ ಹೇಳ್ರಿ’ ಎಂದಾಗ ನಿನ್ನ ಹೆಸರು, ನಂಬರು ಬರೆದುಕೊಟ್ಟೆ. ನನ್ನ ಮಗಳೆಂದು ಹೇಳಿಲ್ಲ. ನನ್ನ ಮೇಲಿನ ಸಿಟ್ಟಿಗೆ ಅವರಿಗೆ ಇಲ್ಲ ಅನ್ನಬೇಡವ್ವಾ. ಆ ದಿನ ನಾನು ಬೆಳಗಾವಿಗೆ ಬರುವುದಿಲ್ಲ. ನೀನು ಮನೆಗೆ ಬರಲೇಬೇಕೆಂದೂ ಇಲ್ಲ. ಸವದತ್ತಿ ಬಸ್ಸು ಹತ್ತಿದರೆ ಮಾತ್ರ, ಎಷ್ಟು ಗಂಟೆಯ ಬಸ್ಸೆಂದು ಒಂದು ಮಾತು ತಿಳಿಸು.