ವಾಪಸು ದಾರಿಯಿಲ್ಲದ ಗುಂಡಿ

ಮಾರ್ಚ್ ೧೧, ಭಾನುವಾರ

ನನ್ನ ಮುದ್ದು ಪಂಡಿತೆಗೆ,

ನಿನ್ನ ಮೆಸೇಜು ಓದಿದೆ. ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವ ಮೊದಲೇ ನೀನು "ಹೂಂ ಅಮ್ಮಾ, ಗೊತ್ತಾಯ್ತು" ಅಂದುಬಿಡುತ್ತೀಯ. ಮೆಸೇಜು ಮಾಡಿದರೆ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಕೈತೊಳೆದುಕೊಳ್ಳುತ್ತೀಯ. ಕಾಗದವಾದರೆ ನಡುವೆ ಬಾಯಿ ಹಾಕುವಂತಿಲ್ಲ. ಬಾಗಿಲು ಹಾಕಿಕೊಂಡು, ಕೂತು, ಪೂರ್ತಿ ಓದು.

ನಿನ್ನೆ ಮೊನ್ನೆಯವರೆಗೆ ಮೇಷ್ಟರ ಮುಂದೆ ಉಗುರು ಕಚ್ಚುತ್ತ ನಿಂತಿದ್ದವಳು ಈಗ ಎಂ.ಎಸ್ಸಿ ಮಕ್ಕಳ ಆರು ತಂಡಗಳಿಗೆ ಮಾರ್ಗದರ್ಶಕಿ! ಕೇಳಿ ಹೊಟ್ಟೆ ತಣ್ಣಗಾಯಿತು. "ಬಿಟ್ಟರೆ ಎಲ್ಲರೂ ಮುಖ ನೋಡಿ ಹಾಜರಿ ಹಾಕುವ ಪ್ರೋಗ್ರಾಮನ್ನೇ ಮಾಡುತ್ತಾರೆ, ಇಲ್ಲವಾದರೆ ಕ್ಯಾಂಟೀನಿನ ಆ್ಯಪ್, ನಿನ್ನ ಆಸ್ಪತ್ರೆಯಿಂದ ಒಂದಿಷ್ಟು ಹೊಸ ಪ್ರಾಜೆಕ್ಟ್ ಐಡಿಯಾ ಕೊಡು" ಅಂತ ಕೇಳಿದ್ದೀಯ. ಕೊಡುತ್ತೇನೆ. ನಮ್ಮಲ್ಲಿ ತೊಂದರೆಗಳಿಗೆ ಬರವೇ?

ಗಾಲಿಕುರ್ಚಿಗಳನ್ನು ಹುಡುಕುವುದಕ್ಕೆ ಏನಾದರೂ ಮಾಡಿಸು. ಎಕ್ಸ್‌ರೇ ಕೋಣೆಯ ಹಿಂದೆ ನಾಲ್ಕು ಕುರ್ಚಿ ಗೋಡೆಗೆ ಒರಗಿ ನಿದ್ದೆ ಹೊಡೆಯುತ್ತಿರುತ್ತವೆ, ಮುಂಬಾಗಿಲಲ್ಲಿ ಕಾಲು ಮುರಿದವನು ಒಂಟಿಕಾಲಲ್ಲಿ ನಿಂತಿರುತ್ತಾನೆ. ಆಮೇಲೆ ನಮ್ಮ ವಾರ್ಡಿನ ಗಂಟೆ. ಕುಡಿಯಲು ನೀರು ಬೇಕೆನ್ನುವವರಿಗೂ ಉಸಿರು ಸಿಗದೆ ಒದ್ದಾಡುವವರಿಗೂ ಅದು ಒಂದೇ ತರಹ ಬಡಿದುಕೊಳ್ಳುತ್ತದೆ. ಒಂದು ತಂಡ ಅದರ ಮೇಲೆ ತಲೆ ಕೆಡಿಸಿಕೊಂಡರೆ ಪುಣ್ಯ ಬರುತ್ತದೆ. ಇನ್ನು ಹಾಸಿಗೆ ಬಟ್ಟೆ: ಒಗೆಯಲು ಹೋದ ಚಾದರಗಳಲ್ಲಿ ಅರ್ಧ ತಿರುಗಿ ಬರುವುದೇ ಇಲ್ಲ. ಇದು ನನಗೆ ಈಗ ಚೆನ್ನಾಗಿ ಗೊತ್ತು, ಏಕೆಂದರೆ ಡಯಾಲಿಸಿಸ್ ವಾರ್ಡಿನ ಸಿಸ್ಟರ್ ಆಗಿದ್ದ ನಾನೀಗ ಇರುವುದು ಬಟ್ಟೆಯ ಕೋಣೆಯಲ್ಲಿ. ಮಂಡಿನೋವಿಗೆ ಕೂತು ಮಾಡುವ ಕೆಲಸ ಕೇಳಿ ಪಡೆದೆ ಅಂತ ನಿನಗೆ ಹೇಳಿದ್ದೆ. ಅದು ಸುಳ್ಳು. ಮಂಡಿ ಚೆನ್ನಾಗಿಯೇ ಇದೆ.

ಹೇಳದೆ ಇದ್ದುಬಿಡೋಣ ಅಂದುಕೊಂಡಿದ್ದೆ. ಆದರೆ ನಿನ್ನ ಮೆಸೇಜಿನ ಕೊನೆಯ ಸಾಲು ಓದಿದ ಕೂಡಲೇ ಊಟ ಬಿಟ್ಟು ಕಾಗದ ಹುಡುಕಿದೆ. ನಮ್ಮ ವಾರ್ಡಿಗೆ ನಿನ್ನ ತಂಡ ಮಾಡಿಕೊಟ್ಟ ಪ್ರೋಗ್ರಾಮನ್ನೇ ಈ ವರ್ಷದ ಎರಡು ತಂಡಗಳ ಕೈಗಿತ್ತು ಬೇರೆ ಆಸ್ಪತ್ರೆಗಳಿಗೂ ಹಾಕಿಸುತ್ತೇನೆ ಅಂದಿದ್ದೀಯ. ಬೇಡ ಮಗಳೇ. ಅದನ್ನು ಇದ್ದ ಹಾಗೆ ಕೊಡಬೇಡ.

ನಮ್ಮ ದರ್ಜಿ ನಿನಗೆ ನೆನಪಿದ್ದಾರೆ ತಾನೇ? ಕಿಟಕಿ ಪಕ್ಕದ ಡಯಾಲಿಸಿಸ್ ಯಂತ್ರ ಅವರದು. ಮೂತ್ರಪಿಂಡ ಎರಡೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಬಂದು ರಕ್ತ ತೊಳೆಸಿಕೊಂಡು ಹೋಗುತ್ತಿದ್ದರು. ನೀವು ನಾಲ್ವರು ಮೊದಲ ಸಲ ವಾರ್ಡಿಗೆ ಬಂದಾಗ ನಿನ್ನ ಕುಪ್ಪಸದ ತೋಳು ನೋಡಿ, ಇದನ್ನ ಹೊಲಿದವನಿಗೆ ನನಗಿಂತ ಮೊದಲು ಚಿಕಿತ್ಸೆ ಆಗಬೇಕು ಅಂದಿದ್ದರು. ಅವರ ಹೆಸರನ್ನು ಪ್ರೋಗ್ರಾಮಿಗೆ ಹಾಕಿ ನೋಡಬಹುದಾ ಅಂತ ನೀವು ಕೇಳಿದಾಗ, ಹಾಕಿ ಹಾಕಿ, ಕಂಪ್ಯೂಟರಿನಲ್ಲಾದರೂ ನಾಲ್ಕು ದಿನ ಜಾಸ್ತಿ ಇರ್ತೀನಿ ಅಂತ ನಕ್ಕಿದ್ದರು.

ಪ್ರೋಗ್ರಾಮು ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಯಾರಿಗೆ ಯಾವ ಯಂತ್ರ, ಯಾವ ಪಾಳಿ ಅನ್ನುವುದನ್ನು ತಾನೇ ನೋಡಿಕೊಳ್ಳುತ್ತಿತ್ತು. ರೋಗಿಗಳಿಗೆ ಮೆಸೇಜು ಹೋಗುತ್ತಿತ್ತು, ಕರೆತರುವ ವ್ಯಾನಿನವನಿಗೆ ಹೆಸರುಗಳು ಹೋಗುತ್ತಿದ್ದವು. ಯಾರಾದರೂ ತೀರಿಕೊಂಡರೆ ಅವರ ಸಾಲಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಕಾಯುತ್ತಿದ್ದವರಲ್ಲಿ ಮುಂದಿನವರು ಆ ಜಾಗಕ್ಕೆ ಬಂದು ಕೂರುತ್ತಿದ್ದರು. ಮೊದಲು ಈ ಕೆಲಸಕ್ಕೆ ನನ್ನ ಅರ್ಧ ದಿನ ಹೋಗುತ್ತಿತ್ತು.

ಕಾಲೇಜಿನಲ್ಲಿ ನಿನ್ನ ಪ್ರಾಜೆಕ್ಟ್ ಪ್ರದರ್ಶನಕ್ಕೆ ರಜೆ ಹಾಕಿ ಹೊರಟ ದಿನ ನಾನು ಅವಸರದಲ್ಲಿದ್ದೆ. ದರ್ಜಿಯ ಕೆಳಗಿನ ಸಾಲಿನ ಅಜ್ಜಿ ತೀರಿಕೊಂಡಿದ್ದರು. ಅವರ ಸಾಲಿನಲ್ಲಿ ಒತ್ತಬೇಕಾದದ್ದನ್ನು ದರ್ಜಿಯ ಸಾಲಿನಲ್ಲಿ ಒತ್ತಿಬಿಟ್ಟೆ. ನೋಡಿಕೊಳ್ಳಲಿಲ್ಲ. ನಿಮ್ಮ ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲೇ ಕೂತೆ, ನಿನಗೆ ಬಹುಮಾನ ಬಂತು, ನಿನ್ನ ರೂಮಿನಲ್ಲಿ ವಾರ ಕಳೆದೆ, ನಿನ್ನ ಕಿಟಕಿ ಪರದೆಗಳನ್ನೆಲ್ಲ ಒಗೆದುಕೊಟ್ಟು ಬಂದೆ.

ಆ ವಾರ ದರ್ಜಿಗೆ ಮೆಸೇಜು ಹೋಗಲಿಲ್ಲ. ಅವರು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲೇ ಕೂತಿದ್ದರಂತೆ. ವ್ಯಾನು ಅವರ ಬೀದಿಗೆ ಬಂದು ಪಕ್ಕದ ಮನೆಯವರನ್ನು ಹತ್ತಿಸಿಕೊಂಡು ಹೋಯಿತು. ಅವರ ಹೆಂಡತಿ ವಾರ್ಡಿಗೆ ಫೋನು ಮಾಡಿದರು. ನನ್ನ ಜಾಗದಲ್ಲಿದ್ದ ಹೊಸ ಗುಮಾಸ್ತ ಕಂಪ್ಯೂಟರಿನ ಪರದೆ ನೋಡಿ, ಅವರು ತೀರಿಕೊಂಡಿದ್ದಾರಲ್ಲಮ್ಮಾ ಅಂದನಂತೆ. ಅಯ್ಯೋ, ಇಲ್ಲೇ ನನ್ನೆದುರಿಗೇ ಚಪ್ಪಲಿ ಹಾಕ್ಕೊಂಡು ಕೂತಿದಾರಪ್ಪಾ ಅಂದರಂತೆ ಅವರು. ಇಬ್ಬರೂ ನಕ್ಕರಂತೆ. ಅದನ್ನು ಆ ತಾಯಿ ನನ್ನ ಮುಂದೆ ಹೇಳಿದಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಗುಮಾಸ್ತ ಸರಿಮಾಡಲು ನೋಡಿದ. ಆಗಲಿಲ್ಲ. ತೀರಿಕೊಂಡವರು ಮತ್ತೆ ಬರುವುದಿಲ್ಲವಲ್ಲ, ಹಾಗಾಗಿ ಆ ಗುಂಡಿ ಒತ್ತಿದ ಮೇಲೆ ವಾಪಸು ಬರುವ ದಾರಿಯನ್ನೇ ನೀವು ಇಟ್ಟಿರಲಿಲ್ಲ. ಹೊಸದಾಗಿ ಹೆಸರು ಸೇರಿಸಹೋದರೆ, ಈ ವ್ಯಕ್ತಿ ಈಗಾಗಲೇ ಮೃತರು ಅಂತ ಬಂತು. ಸಹಾಯಕ್ಕೆ ಅಂತ ಪರದೆಯ ಕೆಳಗೆ ನೀವು ಹಾಕಿದ್ದ ನಂಬರಿಗೆ ಮಾಡಿದ, ಯಾರೂ ಎತ್ತಲಿಲ್ಲ. ಪ್ರಾಜೆಕ್ಟ್ ಮುಗಿದಿತ್ತಲ್ಲ. ಕಿಟಕಿ ಪಕ್ಕದ ಯಂತ್ರದಲ್ಲಿ ಆಗಲೇ ಬೇರೆಯವರು ಮಲಗಿದ್ದರು. ಸಿಸ್ಟರ್ ಬರಲಿ, ಅಲ್ಲಿಯವರೆಗೆ ಸ್ವಲ್ಪ ತಡ್ಕೊಳ್ಳಿ ಅಂದ. ದರ್ಜಿ ತಡೆದುಕೊಂಡರು. ಜಗಳ ಅವರ ಜಾಯಮಾನದಲ್ಲೇ ಇರಲಿಲ್ಲ. ಕೊನೆಗೆ ಮುಖ ಊದಿ, ಉಸಿರು ಕಟ್ಟಿ, ಹೆಂಡತಿ ಬಾಡಿಗೆ ಗಾಡಿ ಮಾಡಿಕೊಂಡು ಕರೆತಂದರು. ಇಳಿಸಿಕೊಳ್ಳುವಷ್ಟರಲ್ಲಿ ಎದೆ ನಿಂತಿತ್ತು. ಪ್ರೋಗ್ರಾಮಿನಲ್ಲಿ ಏನನ್ನೂ ಬದಲಿಸಬೇಕಾಗಿ ಬರಲಿಲ್ಲ.

ವಿಚಾರಣೆಯಾಯಿತು. ಗುಂಡಿ ಒತ್ತಿದ್ದು ನನ್ನ ಹೆಸರಿನಲ್ಲಿ ದಾಖಲಾಗಿತ್ತು. ನೀವೇನಾ ಅಂತ ಕೇಳಿದರು. ಹೌದು ಅಂದೆ. ಅದಕ್ಕೇ ಈಗ ಚಾದರ ಮಡಚುತ್ತಿದ್ದೇನೆ. ಅವರ ಹೆಂಡತಿ ಇನ್ನೂ ಅದೇ ಬೀದಿಯಲ್ಲಿದ್ದಾರೆ. ನಾನು ಹೋದರೆ ಕೂರಿಸಿ, ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಯಾರದೋ ಅರ್ಧ ಹೊಲಿದ ಅಂಗಿ ಹಾಗೇ ಇದೆ.

ಈಗ ನನ್ನ ನಿಜವಾದ ಐಡಿಯಾ ಕೇಳು. ಬಂದವರ ಹಾಜರಿ ಹಾಕುವುದನ್ನು ಎಲ್ಲರೂ ಮಾಡುತ್ತಾರೆ. ಬರಬೇಕಾದವರು ಬಾರದಿದ್ದರೆ ಮನೆ ಬಾಗಿಲು ತಟ್ಟುವವರೆಗೂ ಬಾಯಿ ಮುಚ್ಚದ ಪ್ರೋಗ್ರಾಮನ್ನು ಒಂದು ತಂಡದಿಂದ ಮಾಡಿಸು. ಬದುಕಿದವರನ್ನು ಸತ್ತರೆಂದು ಬರೆಯುವ ಮೊದಲು ಇಬ್ಬರನ್ನಾದರೂ ಕೇಳಲಿ. ಬರೆದ ಮೇಲೂ ವಾಪಸು ಬರಲು ದಾರಿ ಇರಲಿ. ಅಂಕ ಬಂದ ಮೇಲೂ ಫೋನು ಎತ್ತುವವರು ಯಾರು ಅಂತ ಮೊದಲೇ ತೀರ್ಮಾನವಾಗಲಿ. ಇಷ್ಟಾಗುವವರೆಗೆ ಹಳೆಯದನ್ನು ಯಾರಿಗೂ ಕೊಡಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ಕನ್ನಡಕ ಬದಲಾಯಿಸಿಕೋ.

ಚಾದರಗಳ ನಡುವಿನಿಂದ,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ನಾನು ಒತ್ತಿದೆ ಅಂತ ಬರೆದರೆ ನೀನು "ಬಳಸಿದವರ ತಪ್ಪು" ಅಂತ ಬರೆದುಕೊಂಡು ಮುಂದೆ ಹೋಗುತ್ತೀಯ. ನಿನ್ನ ಬಾಯಲ್ಲಿ ಆ ಮಾತು ಎಷ್ಟು ಸಲ ಕೇಳಿಲ್ಲ! ಆಮೇಲೆ ಈ ವರ್ಷದ ಮಕ್ಕಳೂ ಹೆಚ್ಚು ಅಂಕದ ಆಸೆಗೆ ನಿಜವಾದ ರೋಗಿಗಳಿರುವ ವಾರ್ಡಿನ ಪಟ್ಟಿಯ ಮೇಲೆಯೇ ಪ್ರದರ್ಶನ ಮಾಡುತ್ತಾರೆ. ಆ ಅಜ್ಜಿಯ ಕಥೆ ನಾನು ಕಟ್ಟಿದ್ದು. ರೋಗಿ ಸತ್ತರೆ ನಿಮ್ಮ ಪ್ರೋಗ್ರಾಮು ಏನು ಮಾಡುತ್ತದೆ ಅಂತ ಪರೀಕ್ಷಕರು ಕೇಳಿದರಲ್ಲ, ಆಗ ನೀನು, ನಾನು ಕೊಟ್ಟ ಪಾಸ್‌ವರ್ಡಿನಲ್ಲಿ ನಮ್ಮ ವಾರ್ಡಿನ ಪಟ್ಟಿಯನ್ನೇ ತೆರೆದು, ಕಣ್ಣಿಗೆ ಬಿದ್ದ ಮೊದಲ ಹೆಸರಿನ ಮೇಲೆ ಒತ್ತಿ ತೋರಿಸಿದೆ. ವಿಚಾರಣೆಯವರು ಹೆಸರು ನೋಡಿದರು, ಒತ್ತಿದ ಹೊತ್ತು ನೋಡಲಿಲ್ಲ; ಆ ಹೊತ್ತಿಗೆ ನಾನು ನಿಮ್ಮ ಸಭಾಂಗಣದಲ್ಲಿದ್ದೆ. ನಾನೂ ಹೇಳಲಿಲ್ಲ, ಹೇಳುವುದೂ ಇಲ್ಲ. ಪರದೆಯ ಮೇಲೆ ದರ್ಜಿಯ ಹೆಸರು ಮಾಯವಾದದ್ದನ್ನು ನಾನು ಕಣ್ಣಾರೆ ನೋಡಿದೆ ಮಗಳೇ, ಬರೀ ಪ್ರದರ್ಶನ ಅಂದುಕೊಂಡೆ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನಾನೇ.